ಇಸಿಜಿ ನಾರ್ಮಲ್ ಇದ್ದರೂ ಎದೆ ಹಿಡಿಯುತ್ತಿತ್ತು

ನನಗೆ ಆಗ 51 ವರ್ಷ. ಶಾಲೆಯ ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗೆ ಆಗತೊಡಗಿತು. ಚುಚ್ಚುವ ನೋವಲ್ಲ. ಎದೆಯ ನಟ್ಟನಡುವೆ ಒಂದು ಒತ್ತಡ, ಜೊತೆಗೆ ಎಡ ದವಡೆಯಲ್ಲಿ ಸೆಳೆತ. ಮಹಡಿ ಮೇಲಿನ ತರಗತಿಗೆ ಹೋಗಿ ಕುರ್ಚಿಯಲ್ಲಿ ಕೂತರೆ ಎರಡು ಮೂರು ನಿಮಿಷದಲ್ಲಿ ಹೋಗಿಬಿಡುತ್ತಿತ್ತು. ನಾನು ತಿಪಟೂರಿನ ಹತ್ತಿರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಸ್ಟಾಫ್ ರೂಮಿನಲ್ಲಿ ಹೇಳಿದಾಗ ಒಬ್ಬರು ಗ್ಯಾಸ್ಟ್ರಿಕ್ ಅಂದರು. ಇನ್ನೊಬ್ಬರು, "ಮುಟ್ಟು ನಿಲ್ಲೋ ವಯಸ್ಸಲ್ವಾ ಮೇಡಂ, ಏನೇನೋ ಆಗುತ್ತೆ" ಅಂದರು. ಹೆಂಗಸರ ಎದೆನೋವಿಗೆ ನಮ್ಮಲ್ಲಿ ಸಿದ್ಧವಾಗಿರುವ ಉತ್ತರಗಳು ಇವೆರಡೇ. ಎರಡೂ ಅಪಾಯದ ಉತ್ತರಗಳು. ಮುಟ್ಟು ನಿಂತ ಮೇಲೆ ಹೆಂಗಸರಿಗೂ ಹೃದಯದ ಕಾಯಿಲೆ ಜಾಸ್ತಿಯಾಗುತ್ತದೆ. ಆ ವಯಸ್ಸಿನ ಹೆಸರು ಹೇಳಿ ಎದೆನೋವನ್ನು ತಳ್ಳಿಹಾಕುವ ಬದಲು, ಆ ವಯಸ್ಸಿನಲ್ಲೇ ಹೆಚ್ಚು ಗಮನ ಕೊಡಬೇಕು.

ನಮ್ಮ ಊರಿನ ಫಿಜಿಷಿಯನ್ ಹತ್ತಿರ ಹೋದೆ. ಇಸಿಜಿ ತೆಗೆದರು. ನಾರ್ಮಲ್. ನನ್ನ ಯಜಮಾನರಿಗೆ ಅಲ್ಲೇ ನಿರಾಳವಾಯಿತು. ಆದರೆ ಡಾಕ್ಟರು ಕಾಗದ ಪಕ್ಕಕ್ಕಿಟ್ಟು ಮೂರು ಪ್ರಶ್ನೆ ಕೇಳಿದರು. ಎದೆಯ ಮಧ್ಯದಲ್ಲೇ ಒತ್ತುತ್ತಾ? ಹತ್ತಿದಾಗ, ಬೇಗ ನಡೆದಾಗಲೇ ಬರುತ್ತಾ? ಕೂತರೆ ಕಡಿಮೆಯಾಗುತ್ತಾ? ಮೂರಕ್ಕೂ ಹೌದು ಅಂದೆ. "ಹಾಗಾದ್ರೆ ಇದು ಆಂಜೈನಾ, ಅಂದ್ರೆ ಹೃದಯಕ್ಕೆ ರಕ್ತ ಸಾಲದೆ ಬರೋ ನೋವು, ಅಂತಲೇ ಇಟ್ಕೊಂಡು ಮುಂದೆ ನೋಡ್ಬೇಕಮ್ಮ. ಕೂತಾಗ ತೆಗೆದ ಇಸಿಜಿ ಸರಿ ಇದ್ದ ಮಾತ್ರಕ್ಕೆ ಬಿಡೋಕಾಗಲ್ಲ" ಅಂದರು. ಆ ಮೂರು ಪ್ರಶ್ನೆ ಕೇಳಿದ್ದಕ್ಕೆ ನಾನು ಅವರಿಗೆ ಯಾವತ್ತೂ ಋಣಿ.

ಯಾಕೆ ಬಿಡೋಕಾಗಲ್ಲ ಅನ್ನೋದನ್ನು ಮನೆಗೆ ಬಂದು ಓದಿ ಅರ್ಥ ಮಾಡಿಕೊಂಡೆ. ಹತ್ತನೇ ತರಗತಿಯ 'ಜೀವಕ್ರಿಯೆಗಳು' ಪಾಠದಲ್ಲಿ ಹೃದಯದ ನಾಲ್ಕು ಕೋಣೆ, ಕವಾಟ, ಒಳಗೆ ರಕ್ತ ಹರಿಯುವ ದಾರಿ ಎಲ್ಲ ಕಲಿಸುತ್ತೇವೆ. ನನ್ನ ತೊಂದರೆ ಇದ್ದದ್ದು ಒಳಗಲ್ಲ, ಹೃದಯದ ಹೊರಮೈ ಮೇಲೆ. ಕೋಣೆಗಳ ತುಂಬ ರಕ್ತ ಇದ್ದರೂ ಹೃದಯದ ದಪ್ಪ ಸ್ನಾಯು ಅದನ್ನು ನೇರವಾಗಿ ಬಳಸಿಕೊಳ್ಳುವುದಿಲ್ಲ. ಮಹಾಪಧಮನಿಯ ಬುಡದಲ್ಲಿ ಹುಟ್ಟುವ ಕರೋನರಿ ರಕ್ತನಾಳಗಳು ಹೃದಯದ ಮೈಮೇಲೆ ಹರಡಿಕೊಂಡು ಅದಕ್ಕೆ ರಕ್ತ ಕೊಡುತ್ತವೆ. ಅಗಲ ಮೂರು ನಾಲ್ಕು ಮಿಲಿಮೀಟರ್ ಅಷ್ಟೆ. ಸುಮ್ನೆ ಕೂತಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಅದರಲ್ಲಿ ತನಗೆ ಇಟ್ಟುಕೊಳ್ಳುವುದು ಕಾಲು ಲೀಟರಿನಷ್ಟು.

ಇನ್ನೊಂದು ವಿಷಯ ನನಗೆ ತುಂಬ ಮುಖ್ಯ ಅನ್ನಿಸಿತು. ಕೈಕಾಲಿನ ಸ್ನಾಯುಗಳು ಸುಮ್ಮನಿದ್ದಾಗ ರಕ್ತದಲ್ಲಿರುವ ಆಮ್ಲಜನಕದಲ್ಲಿ ಸ್ವಲ್ಪವನ್ನಷ್ಟೇ ಹೀರುತ್ತವೆ. ಬೇಕಾದಾಗ ಇನ್ನಷ್ಟು ಹೀರಬಹುದು. ಹೃದಯ ಹಾಗಲ್ಲ. ಸುಮ್ಮನಿದ್ದಾಗಲೇ ಸಿಗುವುದರಲ್ಲಿ ಬಹುಪಾಲು ಹೀರಿಬಿಟ್ಟಿರುತ್ತದೆ. ಕೆಲಸ ಜಾಸ್ತಿಯಾದರೆ ಅದಕ್ಕಿರುವ ಉಪಾಯ ಒಂದೇ, ಹೆಚ್ಚು ರಕ್ತ ತರಿಸಿಕೊಳ್ಳುವುದು. ನಾಳ ಕಿರಿದಾಗಿದ್ದರೆ ಕೂತಾಗ ಏನೂ ಗೊತ್ತಾಗುವುದಿಲ್ಲ, ಮೆಟ್ಟಿಲು ಹತ್ತಿದಾಗ ಗೊತ್ತಾಗುತ್ತದೆ. ನನ್ನ ಇಸಿಜಿ ಕೂತಿದ್ದ ಹೃದಯದ ಚಿತ್ರ. ಅದು ಸುಳ್ಳು ಹೇಳಿರಲಿಲ್ಲ, ಹತ್ತುವ ಹೃದಯವನ್ನು ನೋಡಿರಲಿಲ್ಲ ಅಷ್ಟೆ.

ಅದನ್ನು ನೋಡುವುದಕ್ಕೇ ಟಿಎಂಟಿ. ತುಮಕೂರಿನಲ್ಲಿ ಮಾಡಿಸಿದೆವು. ಎದೆಗೆ ವೈರು ಅಂಟಿಸಿ, ತೋಳಿಗೆ ಬಿಪಿ ಪಟ್ಟಿ ಕಟ್ಟಿ, ಓಡುವ ಬೆಲ್ಟಿನ ಮೇಲೆ ನಡೆಸುತ್ತಾರೆ. ಸೀರೆ ಉಟ್ಟು ಹೋಗಬೇಡಿ, ಚೂಡಿದಾರ ಮತ್ತು ಹಿಡಿತ ಇರುವ ಚಪ್ಪಲಿ ಅಥವಾ ಶೂ ಇರಲಿ. ಮೂರು ನಿಮಿಷಕ್ಕೊಮ್ಮೆ ವೇಗವೂ ಏರುತ್ತದೆ, ಇಳಿಜಾರೂ ಏರುತ್ತದೆ. 220ರಿಂದ ವಯಸ್ಸು ಕಳೆದು, ಅದರಲ್ಲಿ ಶೇ 85ರಷ್ಟು ಬಡಿತ ಮುಟ್ಟಿಸುವುದು ಗುರಿ. ನನಗೆ ಅದು 144. ಮೂರನೇ ಹಂತಕ್ಕೆ ಕಾಲಿಟ್ಟ ಸ್ವಲ್ಪ ಹೊತ್ತಿಗೆ ದವಡೆ ಸೆಳೆಯಿತು. ಅದೇ ಹೊತ್ತಿಗೆ ಪರದೆ ಮೇಲಿನ ಗೆರೆಗಳಲ್ಲಿ ಒಂದು ಭಾಗ ಕೆಳಕ್ಕೆ ಜಗ್ಗಿತು. ಸಿಸ್ಟರ್ ಕೂಡಲೇ ಬೆಲ್ಟ್ ನಿಧಾನ ಮಾಡಿದರು. ರಿಪೋರ್ಟಿನಲ್ಲಿ 'ಪಾಸಿಟಿವ್' ಅಂತ ಬಂತು. ಹೃದಯದ ಸ್ಕ್ಯಾನ್ ಆದ ಎಕೋ ಮಾತ್ರ ಚೆನ್ನಾಗಿತ್ತು, ಪಂಪಿಂಗ್ ಶೇ 60, ಅದು ನಾರ್ಮಲ್.

ರಕ್ತದ ವರದಿಯೂ ಬಂತು. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 158. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.1, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಬಿಪಿ 150/92. ಸೊಂಟದ ಸುತ್ತಳತೆ 92 ಸೆಂಟಿಮೀಟರ್. ನಮ್ಮ ಕಡೆಯ ಹೆಂಗಸರಿಗೆ 80 ದಾಟಬಾರದು ಅನ್ನುತ್ತಾರೆ, ಗಂಡಸರಿಗೆ 90. ಜೊತೆಗೆ ನಮ್ಮ ಅಪ್ಪ 52ಕ್ಕೇ ಹೃದಯಾಘಾತದಿಂದ ಹೋದವರು. 2004ರಲ್ಲಿ ಬಂದ ಇಂಟರ್‌ಹಾರ್ಟ್ ಅನ್ನುವ ಅಧ್ಯಯನ 52 ದೇಶಗಳ ಜನರನ್ನು ನೋಡಿತ್ತು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಸುಮಾರು ಐದಾರು ವರ್ಷ ಮೊದಲೇ ಬರುತ್ತದೆ, 53ರ ಆಸುಪಾಸಿನಲ್ಲಿ ಅಂತ ಅದು ಹೇಳಿತು. ಅಪ್ಪನದು ಬರೀ ಹಣೆಬರಹ ಅಂದುಕೊಂಡು ಇಷ್ಟು ವರ್ಷ ಅತ್ತಿದ್ದ ಮನೆ ನಮ್ಮದು. ಅದೇ ಅಧ್ಯಯನ ಇನ್ನೊಂದು ಮಾತೂ ಹೇಳುತ್ತದೆ: ಹೆಚ್ಚಿನ ಹೃದಯಾಘಾತಗಳ ಹಿಂದೆ ಇರುವುದು ಅಳೆಯಬಹುದಾದ, ಬದಲಿಸಬಹುದಾದ ಒಂಬತ್ತು ಕಾರಣಗಳು. ಹೊಗೆಸೊಪ್ಪು, ಕೊಬ್ಬು, ಬಿಪಿ, ಸಕ್ಕರೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹೀಗೆ.

ಬೆಂಗಳೂರಿನ ಹೃದಯ ತಜ್ಞರನ್ನು ಕಂಡಾಗ ನಾವು ಎದುರು ನೋಡದ ಮಾತು ಕೇಳಿದೆವು. ಟಿಎಂಟಿ ಪಾಸಿಟಿವ್ ಅಂದ ಕೂಡಲೇ ಸ್ಟೆಂಟ್, ಅಂದರೆ ನಾಳವನ್ನು ತೆರೆದಿಡುವ ಲೋಹದ ಜಾಲರಿ ಕೊಳವೆ, ಹಾಕುತ್ತಾರೆ ಅಂತ ನಮ್ಮವರು ದುಡ್ಡಿನ ಲೆಕ್ಕ ಹಾಕಿಕೊಂಡು ಬಂದಿದ್ದರು. ಡಾಕ್ಟರು, "ಮೊದಲು ಮಾತ್ರೆ ಶುರು ಮಾಡೋಣ. ಮಾತ್ರೆ ತಗೊಂಡೂ ನೋವು ಬಂದ್ರೆ ಆಂಜಿಯೋಗ್ರಾಂ, ಅಂದ್ರೆ ನಾಳಕ್ಕೆ ಡೈ ಬಿಟ್ಟು ಎಕ್ಸ್‌ರೇಯಲ್ಲಿ ನೋಡೋದು" ಅಂದರು. ನನ್ನ ತಮ್ಮ ಸುಮ್ಮನಿರಲಿಲ್ಲ. "ಬ್ಲಾಕ್ ಇದೆ ಅಂತ ಗೊತ್ತಾದ ಮೇಲೂ ಹಂಗೇ ಬಿಡೋದಾ ಸಾರ್?" ಅಂತ ಕೇಳಿದ.

ಆಗ ಅವರು ವಿವರಿಸಿದ್ದು ನನ್ನ ತಲೆಯಲ್ಲಿದ್ದ ಚಿತ್ರವನ್ನೇ ಬದಲಿಸಿತು. ನಾವೆಲ್ಲ ಬ್ಲಾಕ್ ಅಂದರೆ ಬೋರ್‌ವೆಲ್ ಪೈಪಿನೊಳಗೆ ಉಪ್ಪು ಕಟ್ಟಿಕೊಳ್ಳುವ ಹಾಗೆ ಅಂದುಕೊಂಡಿರುತ್ತೇವೆ. ಕೆರೆದು ತೆಗೆದರೆ ಮುಗಿಯಿತು ಅನ್ನಿಸುತ್ತದೆ. ನಿಜದಲ್ಲಿ ಕೊಬ್ಬು ಕೂರುವುದು ನಾಳದ ಒಳಗೋಡೆಯ ಮೇಲಲ್ಲ, ಗೋಡೆಯ ಪದರದ ಒಳಗೆ. ಎಲ್‌ಡಿಎಲ್ ಕಣಗಳು ಅಲ್ಲಿ ನುಸುಳಿ ಕೂರುತ್ತವೆ. ಬಿಳಿ ರಕ್ತಕಣಗಳು ಅವನ್ನು ನುಂಗಲು ಬಂದು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಉರಿಯೂತ ಶುರುವಾಗುತ್ತದೆ. ಮೇಲೆ ಒಂದು ಪೊರೆ ಕಟ್ಟುತ್ತದೆ. ಇದು ಒಂದು ಕಡೆ ಮಾತ್ರ ಆಗುವುದಲ್ಲ, ನಾಳಗಳ ಉದ್ದಕ್ಕೂ ಅಲ್ಲಲ್ಲಿ ಆಗುತ್ತಿರುತ್ತದೆ. ಹೃದಯಾಘಾತ ಆಗುವುದು ಬಹಳ ಸಲ ಆ ಪೊರೆ ಹರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ನಾಳ ಹಠಾತ್ತನೆ ಮುಚ್ಚಿಕೊಂಡಾಗ. ಹಾಗೆ ಹರಿಯುವ ಜಾಗ ಅದುವರೆಗೆ ಅರ್ಧಕ್ಕಿಂತ ಕಡಿಮೆ ಕಿರಿದಾಗಿದ್ದಿರಲೂಬಹುದು. ನಡೆದಾಗ ನೋವೂ ಬಂದಿರುವುದಿಲ್ಲ, ಟಿಎಂಟಿಯಲ್ಲೂ ಕಂಡಿರುವುದಿಲ್ಲ.

ಸ್ಟೆಂಟ್ ಒಂದು ಜಾಗವನ್ನು ಅಗಲ ಮಾಡುತ್ತದೆ. ಗೋಡೆಯ ಕಾಯಿಲೆಗೆ ಅದು ಮದ್ದಲ್ಲ. 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅನ್ನುವ ದೊಡ್ಡ ಅಧ್ಯಯನದಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ಇದ್ದರು, ಭಾರತದವರೂ ಇದ್ದರು. ನನ್ನ ಹಾಗೆ ನಡೆದಾಗ ಮಾತ್ರ ನೋವು ಬರುವ, ಕಾಯಿಲೆ ಸ್ಥಿರವಾಗಿರುವವರಲ್ಲಿ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದವರಿಗೂ, ಮೊದಲು ಒಳ್ಳೆಯ ಔಷಧ ಕೊಟ್ಟು ನೋಡಿದವರಿಗೂ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ನೋವು ಮಾತ್ರ ಸ್ಟೆಂಟ್ ಹಾಕಿದವರಿಗೆ ಚೆನ್ನಾಗಿ ಕಡಿಮೆಯಾಯಿತು. ಹೃದಯಾಘಾತ ನಡೆಯುತ್ತಿರುವವರ ವಿಷಯ ಬೇರೆ. ಅಲ್ಲಿ ತಡಮಾಡದೆ ನಾಳ ತೆರೆದರೆ ಜೀವ ಉಳಿಯುತ್ತದೆ. ಈ ಎರಡನ್ನು ಬೇರೆ ಮಾಡಿ ನೋಡುವುದನ್ನು ಪ್ರತಿ ಮನೆಯವರೂ ತಿಳಿದಿರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಐದು ನಿಮಿಷದಲ್ಲಿ ತೀರ್ಮಾನ ಮಾಡಬೇಕಾಗಿ ಬಂದಾಗ ಇದು ಗೊತ್ತಿದ್ದವರ ಧೈರ್ಯವೇ ಬೇರೆ.

ಮಾತ್ರೆ ಶುರುವಾಯಿತು. ರಕ್ತ ಹೆಪ್ಪುಗಟ್ಟದ ಹಾಗೆ ಆಸ್ಪಿರಿನ್, ಕೊಲೆಸ್ಟ್ರಾಲ್ ಇಳಿಸಲು ಸ್ಟ್ಯಾಟಿನ್, ಬಿಪಿಗೆ ಒಂದು, ಬಡಿತ ನಿಧಾನ ಮಾಡಲು ಒಂದು, ನೋವು ಬಂದರೆ ನಾಲಗೆ ಕೆಳಗೆ ಇಡಲು ಸಾರ್ಬಿಟ್ರೇಟ್. ಬಡಿತ ಯಾಕೆ ನಿಧಾನ ಮಾಡಬೇಕು ಅಂತ ಕೇಳಿದೆ. ಎಡ ಹೃದಯದ ಸ್ನಾಯುವಿಗೆ ರಕ್ತ ಸಿಗುವುದು ಹೆಚ್ಚಾಗಿ ಅದು ಸಡಿಲಿದಾಗ. ಹಿಂಡಿದಾಗ ತನ್ನ ನಾಳಗಳನ್ನೂ ತಾನೇ ಹಿಂಡಿಕೊಂಡಿರುತ್ತದೆ. ನಿಧಾನವಾಗಿ ಬಡಿದರೆ ನಡುವಿನ ಬಿಡುವು ಹೆಚ್ಚುತ್ತದೆ, ಹೃದಯಕ್ಕೆ ಊಟದ ಹೊತ್ತು ಹೆಚ್ಚುತ್ತದೆ. ಎಷ್ಟು ಚೆಂದದ ಏರ್ಪಾಡು ಅಲ್ವಾ? ಈಗ ಮಕ್ಕಳಿಗೂ ಇದನ್ನು ಹೇಳಿಕೊಡುತ್ತೇನೆ.

ನೋವು ಕಡಿಮೆಯಾಯಿತು. ಆದರೆ ಹೋಗಲಿಲ್ಲ. ಕೆಲವು ವಾರ ಕಳೆದರೂ ಸಂತೆಯಿಂದ ಚೀಲ ಹಿಡಿದು ಬರುವಾಗ ನಿಂತು ನಿಂತು ಬರಬೇಕಾಗುತ್ತಿತ್ತು. ಆಗ ಆಂಜಿಯೋಗ್ರಾಂ ಅಂತ ತೀರ್ಮಾನವಾಯಿತು. ಸರ್ಕಾರಿ ನೌಕರರಿಗೆ ಆಗ ಜ್ಯೋತಿ ಸಂಜೀವಿನಿ ಯೋಜನೆ ಇತ್ತು. ಆಸ್ಪತ್ರೆಯಲ್ಲಿದ್ದ ಆರೋಗ್ಯ ಮಿತ್ರ ಕಾಗದಪತ್ರ ನೋಡಿಕೊಂಡರು.

ಆಂಜಿಯೋಗ್ರಾಂ ಮಾಡುವ ಕ್ಯಾತ್ ಲ್ಯಾಬ್ ಅಂದರೆ ತಣ್ಣನೆಯ ಕೋಣೆ, ಕಿರಿದಾದ ಮಂಚ, ಎದೆಯ ಮೇಲೆ ಅತ್ತಿತ್ತ ತಿರುಗುವ ಎಕ್ಸ್‌ರೇ ಕೈ. ಪೂರ್ತಿ ಎಚ್ಚರವಾಗಿರುತ್ತೇವೆ. ಬಲ ಮಣಿಕಟ್ಟಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಸಣ್ಣ ಕೊಳವೆ ತೂರಿಸುತ್ತಾರೆ. ಆಗ ತೋಳಿನುದ್ದಕ್ಕೂ ಒಂದು ಉರಿ. ಆಮೇಲೆ ಒಳಗೆ ತಂತಿ ಹೋಗುತ್ತಿರುವುದು ಗೊತ್ತೇ ಆಗುವುದಿಲ್ಲ. ರಕ್ತನಾಳದ ಒಳಗೆ ನೋವಿನ ಅರಿವು ಅಷ್ಟಿಲ್ಲ. 1929ರಲ್ಲಿ ಜರ್ಮನಿಯ ವೆರ್ನರ್ ಫೋರ್ಸ್‌ಮನ್ ಅನ್ನುವ ತರುಣ ಡಾಕ್ಟರು ತನ್ನ ತೋಳಿನ ರಕ್ತನಾಳದಿಂದ ತನ್ನದೇ ಹೃದಯಕ್ಕೆ ಕೊಳವೆ ತೂರಿಸಿಕೊಂಡು, ನಡೆದು ಹೋಗಿ ಎಕ್ಸ್‌ರೇ ತೆಗೆಸಿಕೊಂಡಿದ್ದರು. 1956ರಲ್ಲಿ ಅದಕ್ಕೆ ನೊಬೆಲ್ ಬಂತು. ಆ ಮಂಚದ ಮೇಲೆ ಮಲಗಿದ್ದಾಗ ನನಗೆ ಅವರ ನೆನಪಾಯಿತು. ಧೈರ್ಯ ಬಂತು.

ಡೈ ಬಿಟ್ಟಾಗ ಪರದೆಯ ಮೇಲೆ ನನ್ನ ನಾಳಗಳು ಕಪ್ಪಗೆ ಮೂಡಿದವು, ಪ್ರತಿ ಬಡಿತಕ್ಕೂ ಕುಣಿಯುತ್ತಿದ್ದವು. ಹೃದಯದ ಮುಂಭಾಗದಲ್ಲಿ ಇಳಿಯುವ ದೊಡ್ಡ ನಾಳದ ನಡುವೆ ಒಂದು ಕಡೆ ಗೆರೆ ದಾರದಷ್ಟು ತೆಳುವಾಗಿತ್ತು. ಶೇ 80 ಅಂದರು. ಉಳಿದ ಎರಡರಲ್ಲಿ ಸಣ್ಣಪುಟ್ಟ ಏರುತಗ್ಗು. ಸ್ಟೆಂಟಿಗೆ ಒಪ್ಪಿಗೆ ಮೊದಲೇ ಬರೆಸಿಕೊಂಡಿದ್ದರು. ಸ್ಟೆಂಟ್ ಕೂರಿಸಲು ತಂತಿಯ ಮೇಲೆ ಬಲೂನು ಸಾಗಿಸಿ ಉಬ್ಬಿಸಿದರು. ಆ ಕೆಲವು ಸೆಕೆಂಡು ನನ್ನ ಮೆಟ್ಟಿಲಿನ ನೋವು, ಅದೇ ಒತ್ತಡ, ಅದೇ ದವಡೆಯ ಸೆಳೆತ, ಮಲಗಿದ್ದಲ್ಲೇ ಬಂತು. ಬಲೂನು ಇಳಿಸಿದ ಕೂಡಲೇ ಹೋಯಿತು. ನೋವಿನ ಮೂಲ ಇದೇ ಅಂತ ಇದಕ್ಕಿಂತ ಸ್ಪಷ್ಟವಾಗಿ ಯಾವ ರಿಪೋರ್ಟೂ ಹೇಳಲಾರದು. ಎಚ್ಚರವಿದ್ದ ರೋಗಿಗೆ ಹೀಗೆ ಬಲೂನು ಹಾಕುವುದನ್ನು ಆಂಡ್ರಿಯಾಸ್ ಗ್ರುಂಟ್‌ಜಿಗ್ ಮೊದಲು ಮಾಡಿದ್ದು 1977ರ ಸೆಪ್ಟೆಂಬರಿನಲ್ಲಿ, ಜ್ಯೂರಿಕ್‌ನಲ್ಲಿ. ಸ್ಟೆಂಟ್ ಬಂದದ್ದು ಆಮೇಲೆ, 1986ರಲ್ಲಿ. ನಮ್ಮ ದೇಶದಲ್ಲಿ ಔಷಧ ಲೇಪಿಸಿದ ಸ್ಟೆಂಟಿನ ಬೆಲೆಗೆ ಕೇಂದ್ರ ಸರ್ಕಾರ 2017ರ ಫೆಬ್ರವರಿಯಲ್ಲಿ 29,600 ರೂಪಾಯಿಯ ಮಿತಿ ಹಾಕಿತು. ಅದಕ್ಕೆ ಮೊದಲು ಲಕ್ಷ ದಾಟುತ್ತಿತ್ತು. ಸ್ಟೆಂಟಿನ ಬಿಲ್ಲನ್ನೂ ಅದರ ಜೊತೆ ಬರುವ ಸ್ಟಿಕ್ಕರನ್ನೂ ಕೇಳಿ ಇಟ್ಟುಕೊಳ್ಳಿ.

ಮನೆಗೆ ಬಂದ ಮೇಲೆ ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು: "ಬ್ಲಾಕ್ ತೆಗೆಸಿದ್ರಲ್ಲ, ಇನ್ನೇನು ಸರಿಹೋಯ್ತು ಬಿಡಿ." ಪ್ರೀತಿಯಿಂದಲೇ ಹೇಳಿದ್ದು. ಆದರೆ ನನಗೆ ಉಳಿದ ಎರಡು ನಾಳಗಳ ಏರುತಗ್ಗು ಕಣ್ಣ ಮುಂದಿತ್ತು. ನಿಜವಾದ ಚಿಕಿತ್ಸೆ ಶುರುವಾಗಿದ್ದೇ ಆಮೇಲೆ.

ಮೊದಲ ತಿಂಗಳು ಹೆದರಿಕೆಯದು. ಎಡಮಗ್ಗುಲಿಗೆ ಮಲಗಿದರೆ ದಿಂಬಿನಲ್ಲಿ ಬಡಿತ ಕೇಳಿಸುತ್ತಿತ್ತು. ಒಂದು ಬಡಿತ ತಪ್ಪಿದ ಹಾಗೆ ಆದರೆ ನಿದ್ದೆ ಹಾರಿಹೋಗುತ್ತಿತ್ತು. ಹೀಗಾಗುವುದು ಸಾಮಾನ್ಯ, ಅದನ್ನು ಡಾಕ್ಟರ ಹತ್ತಿರ ಹೇಳಿಕೊಳ್ಳಬೇಕು ಅಂತ ಯಾರೂ ಹೇಳುವುದಿಲ್ಲ. ನಾನು ಹೇಳಿಕೊಂಡೆ. ಅವರು ಫಿಸಿಯೋ ಹತ್ತಿರ ಕಳಿಸಿದರು. ಅಲ್ಲಿ ನಾಡಿ ನೋಡಿಕೊಳ್ಳುತ್ತಾ ನಡೆಯುವುದನ್ನು ಕಲಿಸಿದರು. ನಡೆಯುವಾಗ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸಾಕು. ವಾರಕ್ಕೆ 150 ನಿಮಿಷ ಗುರಿ. ಈಗ ಬೆಳಿಗ್ಗೆ ತೋಟದ ದಾರಿಯಲ್ಲಿ ಯಜಮಾನರ ಜೊತೆ ನಡೆಯುತ್ತೇನೆ. ಹೆದರಿಕೆ ಹೋಗಿದ್ದು ಯಾರ ಸಮಾಧಾನದಿಂದಲೂ ಅಲ್ಲ, ನಡೆದು ನಡೆದು.

ಎಲ್‌ಡಿಎಲ್ ವಿಷಯಕ್ಕೆ ಬರುತ್ತೇನೆ. ನನ್ನಂಥವರಿಗೆ ಅದು 70ಕ್ಕಿಂತ ಕೆಳಗಿರಬೇಕು, 55 ಆದರೆ ಇನ್ನೂ ಒಳ್ಳೆಯದು. ಸ್ಟ್ಯಾಟಿನ್‌ನಿಂದ 158 ಇದ್ದದ್ದು 84ಕ್ಕೆ ಬಂತು. ಡೋಸ್ ದುಪ್ಪಟ್ಟು ಮಾಡಿದರೂ ಇನ್ನು ಶೇ 6ರಷ್ಟು ಮಾತ್ರ ಇಳಿಯುತ್ತದೆ ಅಂತ, ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರುವುದನ್ನು ತಡೆಯುವ ಎಜೆಟಿಮೈಬ್ ಸೇರಿಸಿದರು. 61ಕ್ಕೆ ಇಳಿಯಿತು. ನಡುವೆ ಮೀನಖಂಡ ನೋಯುತ್ತಿತ್ತು. ವಾಟ್ಸ್‌ಆ್ಯಪ್‌ನಲ್ಲಿ ಸ್ಟ್ಯಾಟಿನ್ ವಿಷ ಅಂತ ಬಂದ ಸಂದೇಶಗಳನ್ನು ನೆಂಟರು ಕಳಿಸಿದರು. ನಾನು ಮಾತ್ರೆ ಬಿಡಲಿಲ್ಲ, ಡಾಕ್ಟರನ್ನು ಕೇಳಿದೆ. ಸ್ನಾಯುವಿಗೆ ಪೆಟ್ಟಾಗಿದೆಯಾ ಅಂತ ತೋರಿಸುವ ಸಿಪಿಕೆ ಅನ್ನುವ ರಕ್ತ ಪರೀಕ್ಷೆ ಮಾಡಿಸಿ, ಬೇರೆ ಸ್ಟ್ಯಾಟಿನ್‌ಗೆ ಬದಲಿಸಿದರು. ನೋವು ಹೋಯಿತು. ಈ ಗುಂಪಿನ ಮೊದಲ ಔಷಧವನ್ನು 1970ರ ದಶಕದಲ್ಲಿ ಜಪಾನಿನ ಅಕಿರಾ ಎಂಡೊ ಸಾವಿರಾರು ಬೂಷ್ಟು ಪರೀಕ್ಷಿಸಿ ಕಂಡುಹಿಡಿದರು. ಅವರ ತಾಳ್ಮೆಯಿಂದ ಕೋಟ್ಯಂತರ ಜನ ಬದುಕಿದ್ದಾರೆ. ಅಂಥ ಔಷಧವನ್ನು ಒಂದು ಫಾರ್ವರ್ಡ್ ನೋಡಿ ಬಿಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಹಲ್ಲು ಕೀಳಿಸಬೇಕಾಗಿ ಬಂದಾಗ ಒಂದು ಕ್ಲಿನಿಕ್ಕಿನಲ್ಲಿ ರಕ್ತ ತೆಳುಮಾಡುವ ಎರಡೂ ಮಾತ್ರೆ (ಆಸ್ಪಿರಿನ್ ಮತ್ತು ಸ್ಟೆಂಟ್ ಹಾಕಿದ ಮೇಲೆ ಸೇರಿಸಿದ ಇನ್ನೊಂದು) ನಿಲ್ಲಿಸಿ ಬನ್ನಿ ಅಂದರು. ಹೃದಯ ತಜ್ಞರಿಗೆ ಫೋನ್ ಮಾಡಿದೆ. ನಿಲ್ಲಿಸಲೇಬೇಡಿ ಅಂದರು. ಹೊಸ ಸ್ಟೆಂಟಿನೊಳಗೆ ಹೆಪ್ಪುಗಟ್ಟಿದರೆ ಅದು ನೇರ ಹೃದಯಾಘಾತ. ಮಾತ್ರೆ ತೆಗೆದುಕೊಂಡೇ ಹಲ್ಲು ಕೀಳಿಸಿದೆ. ಹತ್ತಿ ಸ್ವಲ್ಪ ಜಾಸ್ತಿ ಹೊತ್ತು ಕಚ್ಚಿಕೊಳ್ಳಬೇಕಾಯಿತು, ಅಷ್ಟೆ.

ಅಡುಗೆಮನೆಯಲ್ಲಿ ಬದಲಾವಣೆ ತಂದಿದ್ದು ಉಪ್ಪಿನಿಂದ. ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಾರಿಗೆ ಹಾಕುವಾಗ ಅದನ್ನು ಅಳೆಯುವುದು ಯಾರಿಂದಲೂ ಆಗುವುದಿಲ್ಲ. ನಾನು ಪ್ಯಾಕೆಟ್ ಲೆಕ್ಕ ಹಿಡಿದೆ. ಮನೆಯಲ್ಲಿ ಮೂವರು. ತಿಂಗಳಿಗೆ 450 ಗ್ರಾಂ ದಾಟಬಾರದು. ನಮ್ಮಲ್ಲಿ ಒಂದು ಕೆಜಿ ಪ್ಯಾಕೆಟ್ ತಿಂಗಳೊಳಗೆ ಖಾಲಿಯಾಗುತ್ತಿತ್ತು. ಅನ್ನಕ್ಕೆ, ಮುದ್ದೆಗೆ, ಮಜ್ಜಿಗೆಗೆ ಉಪ್ಪು ಹಾಕುವುದು ನಿಲ್ಲಿಸಿದೆ. ಉಪ್ಪಿನಕಾಯಿ, ಹಪ್ಪಳ ಹಬ್ಬಕ್ಕೆ ಉಳಿದವು. ಸಾರಿಗೆ ನಿಂಬೆಹಣ್ಣು ಹಿಂಡಿದರೆ ಉಪ್ಪು ಕಡಿಮೆ ಅಂತ ಗೊತ್ತಾಗುವುದಿಲ್ಲ. ಈಗ ಅದೇ ಪ್ಯಾಕೆಟ್ ಎರಡು ತಿಂಗಳ ಹತ್ತಿರ ಬರುತ್ತದೆ. ಬಿಪಿ 126/78ರ ಆಸುಪಾಸು. ಅದನ್ನೂ ಮನೆಯಲ್ಲೇ ನೋಡುತ್ತೇನೆ. ಐದು ನಿಮಿಷ ಸುಮ್ನೆ ಕೂತು, ಬೆನ್ನು ಒರಗಿಸಿ, ಕಾಲು ನೆಲಕ್ಕೆ ಊರಿ, ತೋಳು ಎದೆಯ ಮಟ್ಟದಲ್ಲಿಟ್ಟು.

ಕಷ್ಟವಾಗಿದ್ದು ತೆಂಗಿನಕಾಯಿ. ಕೊಬ್ಬರಿಯಿಂದಲೇ ಬದುಕುವ ಸೀಮೆ ನಮ್ಮದು. ಕಾಯಿ ಹಾಕದ ಹುಳಿ ನಮ್ಮ ಅತ್ತೆಗೆ ಊಟವೇ ಅಲ್ಲ. "ಕಾಯಿ ತಿಂದೇ ನಮ್ಮತ್ತೆ ತೊಂಬತ್ತು ದಾಟಿದ್ರು ಕಣಮ್ಮ. ತೋಟದಲ್ಲಿ ಬೆಳೆದಿದ್ದು ಕೆಟ್ಟದ್ದಾಗುತ್ತಾ?" ಅಂದರು. ಅವರ ಅತ್ತೆ ದಿನವಿಡೀ ತೋಟದಲ್ಲಿ ಬಗ್ಗಿ ಎದ್ದವರು, ನಾನು ಕುರ್ಚಿಯಲ್ಲಿ ಕೂತು ನೋಟ್ಸ್ ತಿದ್ದುವವಳು. ಕೊಬ್ಬರಿ ಎಣ್ಣೆಯಲ್ಲಿ ಸುಮಾರು ಶೇ 90 ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬು. ಅದು ಎಲ್‌ಡಿಎಲ್ ಏರಿಸುತ್ತದೆ. ಇದು ನಮ್ಮ ಊರಿನವರಿಗೆ ಹಿತವಾದ ಮಾತಲ್ಲ, ನನಗೂ ಅಲ್ಲ. ಪೂರ್ತಿ ಬಿಟ್ಟಿಲ್ಲ. ಅಡುಗೆಗೆ ಕೊಬ್ಬರಿ ಎಣ್ಣೆ ನಿಂತಿತು. ಹುಳಿಗೆ ಕಾಯಿಯ ಬದಲು ಬೆಂದ ಬೇಳೆಯನ್ನೇ ರುಬ್ಬಿ ಹಾಕುತ್ತೇನೆ. ಚಟ್ನಿಗೆ ಕಡಲೆಕಾಯಿ, ಹೀರೇಕಾಯಿ ಸಿಪ್ಪೆ. ಅತ್ತೆಗೆ ಬೇರೆ ಬಟ್ಟಲಿನಲ್ಲಿ ತುರಿದ ಕಾಯಿ ಇಡುತ್ತೇನೆ, ಬೇಕಾದಷ್ಟು ಹಾಕಿಕೊಳ್ಳುತ್ತಾರೆ.

ನನ್ನದು ನಿಧಾನದ ಕಾಯಿಲೆಯಾಗಿತ್ತು, ಯೋಚಿಸಲು ಸಮಯ ಸಿಕ್ಕಿತು. ಎಲ್ಲರಿಗೂ ಸಿಗುವುದಿಲ್ಲ. ಕೂತರೂ ಹೋಗದ ಒತ್ತಡ, ಬೆವರು, ಉಸಿರಾಟದ ಕಷ್ಟ, ತೋಳು ದವಡೆಗೆ ಹರಡುವ ನೋವು ಇದ್ದರೆ ಸೋಡಾ ಕುಡಿದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ಕ್ಕೇ ಹೋದಾಗ ಇಡೀ ರಾಜ್ಯ ಎದೆ ಮುಟ್ಟಿ ನೋಡಿಕೊಂಡಿತು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇದೆಯಾ ಅಂತ ಇವತ್ತೇ ವಿಚಾರಿಸಿ ಇಟ್ಟುಕೊಳ್ಳಿ.

ಈಗ ನನ್ನ ಗಮನವೆಲ್ಲ ಅರಸೀಕೆರೆಯಲ್ಲಿರುವ ತಂಗಿಯ ಮೇಲೆ. ಅವಳಿಗೆ 46. ಅಪ್ಪನ ರಕ್ತ ಅವಳಲ್ಲೂ ಇದೆ. ಬಲವಂತ ಮಾಡಿ ಪರೀಕ್ಷೆ ಮಾಡಿಸಿದೆ. ಎಲ್‌ಡಿಎಲ್ 171 ಬಂತು, ಬಿಪಿ 146. "ಅಕ್ಕ, ನಂಗೆ ಮೆಟ್ಟಿಲು ಹತ್ತಿದ್ರೂ ಏನೂ ಆಗಲ್ಲ, ಸುಮ್ನೆ ಯಾಕೆ ಮಾತ್ರೆ?" ಅಂತ ಜಗಳ ತೆಗೆದಳು. ಮೆಟ್ಟಿಲಲ್ಲಿ ಗೊತ್ತಾಗುವ ಹೊತ್ತಿಗೆ ನನ್ನ ನಾಳ ಶೇ 80 ಮುಚ್ಚಿತ್ತು ಅಂತ ಆಂಜಿಯೋಗ್ರಾಂ ಚಿತ್ರವನ್ನು ಫೋನಿನಲ್ಲಿ ತೋರಿಸಿದೆ. ಅವಳ ಡಾಕ್ಟರೂ ಅದನ್ನೇ ಹೇಳಿ ಸ್ಟ್ಯಾಟಿನ್ ಮತ್ತು ಬಿಪಿ ಮಾತ್ರೆ ಬರೆದರು. ಮೂರು ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ. ದಸರಾ ರಜೆಯಲ್ಲಿ ನಾನೇ ಹೋಗಿ ಕರೆದುಕೊಂಡು ಹೋಗುತ್ತೇನೆ.